ಮುದ್ದೆ ತಿಂದರೆ ಮಲ ಕಪ್ಪಗಾಗುತ್ತದಾ? ಅಪ್ಪನ ‘ಗ್ಯಾಸ್ಟ್ರಿಕ್’ ಬಗ್ಗೆ ಮಗಳೊಬ್ಬಳ ಪತ್ರಕ್ಕೆ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ, ವಾರಕ್ಕೊಮ್ಮೆ ಊರಿಗೆ ಹೋಗುತ್ತೇನೆ. ಅಪ್ಪನಿಗೆ 54 ವರ್ಷ. ಕಬ್ಬು, ಭತ್ತ ಬೆಳೆಯುತ್ತಾರೆ. ನಾಲ್ಕು ವರ್ಷದಿಂದ ಅವರಿಗೆ ಗ್ಯಾಸ್ಟ್ರಿಕ್ ಇದೆ. ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಹುಳಿತೇಗು, ಉಂಡ ಮೇಲೆ ಹೊಟ್ಟೆ ಉಬ್ಬರ. ದಿನಾ ತಿಂಡಿ ಆದ ಮೇಲೆ ಒಂದು ಗ್ಯಾಸ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಮಂಡಿ ನೋವೂ ಇದೆ. ಅದಕ್ಕೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತರುತ್ತಾರೆ, ಕಬ್ಬು ಕಡಿಯುವ ಸಮಯದಲ್ಲಿ ದಿನಕ್ಕೆ ಎರಡು. ಬೀಡಿ ಸೇದುತ್ತಾರೆ, ಕುಡಿಯುವ ಅಭ್ಯಾಸ ಇಲ್ಲ. ನಮ್ಮ ಸೋದರಮಾವ ‘ಮುದ್ದೆ ಬಿಡಿಸಿ, ಹಾಲು ಕೊಡಿ’ ಅನ್ನುತ್ತಾರೆ. ಅವ್ವ ‘ಗ್ಯಾಸು ಬೆನ್ನಿಗೆ ಹಿಡ್ಕೊಂಡದೆ’ ಅನ್ನುತ್ತಾಳೆ. ಒಬ್ಬ ಡಾಕ್ಟರು ಎಂಡೋಸ್ಕೋಪಿ ಮಾಡಿಸಿ ಅಂದರು. ಅಪ್ಪ ಹೆದರಿ ಬೇಡ ಅಂದುಬಿಟ್ಟರು. ಮುದ್ದೆ ನಿಲ್ಲಿಸಬೇಕಾ? ಗ್ಯಾಸ್ ಮಾತ್ರೆ ವರ್ಷಗಟ್ಟಲೆ ತಿಂದರೆ ಕಿಡ್ನಿ ಹೋಗುತ್ತದಾ? ಎಂಡೋಸ್ಕೋಪಿ ಬದಲು ರಕ್ತ ಪರೀಕ್ಷೆ ಸಾಲದಾ? ಇದು ಕ್ಯಾನ್ಸರ್ ಆಗಿರಬಹುದಾ? ಈಚೆಗೆ ಅಪ್ಪ ಬೇಗ ಸುಸ್ತಾಗುತ್ತಾರೆ, ನಾಲೆ ಏರಿ ಹತ್ತಲು ನಿಂತು ನಿಂತು ಹೋಗುತ್ತಾರೆ. ಹೋದ ತಿಂಗಳು ಎರಡು ಸಲ, ಮೊನ್ನೆ ಒಂದು ಸಲ ಮೋಷನ್ ಕಪ್ಪಗೆ ಆಗಿತ್ತಂತೆ. ರಾಗಿ, ಸೊಪ್ಪು ತಿಂದಿದ್ದಕ್ಕೆ ಹಾಗೆ ಅಂತ ಅವರೇ ಹೇಳಿದರು.

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ನಾಲ್ಕಕ್ಕೂ ಉತ್ತರ ಕೊಡುತ್ತೇನೆ. ಆದರೆ ಮೊದಲು ನೀವು ಕೇಳದೇ ಇರುವ ವಿಷಯ. ಪತ್ರದ ಕೊನೆಯ ಮೂರು ಸಾಲು ಓದಿದಾಗ ನನಗೆ ಉಳಿದದ್ದೆಲ್ಲ ಹಿಂದೆ ಸರಿಯಿತು. ಕಪ್ಪು ಮಲ, ಸುಸ್ತು, ದಿನಾ ನೋವಿನ ಮಾತ್ರೆ. ಈ ಮೂರೂ ಒಬ್ಬರಲ್ಲೇ ಸೇರಿದರೆ ನಾವು ವೈದ್ಯರು ಯೋಚಿಸುವುದು ಒಂದನ್ನೇ: ಜಠರದಲ್ಲೋ ಅದರ ಮುಂದಿನ ಸಣ್ಣ ಕರುಳಿನ ಶುರುವಿನಲ್ಲೋ ಹುಣ್ಣಾಗಿ, ಅಲ್ಲಿಂದ ರಕ್ತ ಸೋರುತ್ತಿರಬಹುದು.

ಪತ್ರ ನೋಡಿ ಹೀಗೇ ಅಂತ ಹೇಳಲು ಯಾರಿಗೂ ಆಗುವುದಿಲ್ಲ. ಹಾಗಿರದಿದ್ದರೆ ನನಗಿಂತ ಸಂತೋಷಪಡುವವರು ಇಲ್ಲ. ಆದರೆ ನೋಡದೆ ಬಿಡುವ ಹಾಗಿಲ್ಲ. ಅಪ್ಪನನ್ನು ನಾಳೆಯೇ ಕರೆದುಕೊಂಡು ಹೋಗಿ. ಭಾನುವಾರ ನೀವು ಊರಿಗೆ ಹೋಗುವವರೆಗೆ ಕಾಯಬೇಡಿ.

ರಾಗಿಯ ಮಾತಿಗೆ ಬರೋಣ. ನಮ್ಮ ಕಡೆ ಇದು ತುಂಬಾ ಹಳೆಯ ನಂಬಿಕೆ, ಅದರಲ್ಲಿ ಸ್ವಲ್ಪ ನಿಜವೂ ಇದೆ. ದಿನಾ ಮುದ್ದೆ, ಸೊಪ್ಪು ತಿನ್ನುವವರ ಮಲದ ಬಣ್ಣ ಅನ್ನ ತಿನ್ನುವವರದಕ್ಕಿಂತ ಗಾಢವಾಗಿರುತ್ತದೆ. ಕಂದು, ಕೆಲವೊಮ್ಮೆ ಹಸಿರು ಕಂದು. ಆದರೆ ನಿಮ್ಮಪ್ಪ ಮುದ್ದೆ ತಿನ್ನಲು ಶುರು ಮಾಡಿದ್ದು ಹೋದ ತಿಂಗಳು ಅಲ್ಲ, ಅಲ್ವಾ? ಐವತ್ತು ವರ್ಷದಿಂದ ಆಗದ ಕಪ್ಪು ಈಗ ಮೂರು ಸಲ ಆಗಿದೆ ಅಂದರೆ ಕಾರಣ ರಾಗಿಯಲ್ಲಿ ಇರಲಾರದು.

ರಕ್ತದ ಕಪ್ಪು ಬೇರೆ ಥರ ಇರುತ್ತದೆ. ಜಠರದಲ್ಲಿ ಸೋರಿದ ರಕ್ತಕ್ಕೆ ಅಲ್ಲಿನ ಆಮ್ಲ ತಾಗಿ, ಅದು ಕರುಳಿನುದ್ದಕ್ಕೂ ಇಳಿದು ಬರುವ ಹೊತ್ತಿಗೆ ಡಾಂಬರಿನ ಹಾಗೆ ಆಗಿರುತ್ತದೆ. ಕಡುಕಪ್ಪು, ಹೊಳಪು, ಅಂಟು. ನೀರು ಹಾಕಿದರೂ ಸುಲಭಕ್ಕೆ ಹೋಗುವುದಿಲ್ಲ. ವಾಸನೆ ಮಾಮೂಲಿ ವಾಸನೆಯಲ್ಲ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಸುಮಾರು 50ರಿಂದ 100 ಮಿಲಿ, ಅಂದರೆ ಅರ್ಧ ಕಾಫಿ ಲೋಟದಷ್ಟು ರಕ್ತ ಸೋರಿದರೂ ಸಾಕು, ಮಲ ಹೀಗಾಗುತ್ತದೆ. ರಕ್ತ ಹೆಚ್ಚಾಗಲಿ ಅಂತ ಕೊಡುವ ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅಂಟು, ಆ ವಾಸನೆ ಇರುವುದಿಲ್ಲ. ಅಪ್ಪ ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಹಾಗಂತ ನೀವೇ ತೀರ್ಮಾನ ಮಾಡಿ ಮನೆಯಲ್ಲಿ ಕೂರಬೇಡಿ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಮಂಡಿ ನೋವಿನ ಮಾತ್ರೆ ನಿಲ್ಲಿಸಿ. ಆದರೆ ಯಾರಾದರೂ ಡಾಕ್ಟರು ಹೃದಯಕ್ಕೆ ಅಂತ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟವರಿಗೆ ಇವತ್ತೇ ಫೋನು ಮಾಡಿ ಕೇಳಿ. ಮತ್ತೆ ಕಪ್ಪಗೆ ಹೋದರೆ, ಎದ್ದು ನಿಂತಾಗ ತಲೆ ಸುತ್ತಿದರೆ, ಮೈ ತಣ್ಣಗಾಗಿ ಬೆವರಿದರೆ, ವಾಂತಿಯಲ್ಲಿ ರಕ್ತವೋ ಕಾಫಿಪುಡಿ ಕಲಸಿದ ಹಾಗಿರುವ ಚರಟವೋ ಕಂಡರೆ ಬೆಳಗಾಗುವವರೆಗೂ ಕಾಯುವ ಹಾಗಿಲ್ಲ. 108ಕ್ಕೆ ಫೋನು ಮಾಡಿ. ಬಾಯಿಗೆ ಏನೂ ಕೊಡಬೇಡಿ. ಬೈಕಿನಲ್ಲಿ ಮಧ್ಯೆ ಕೂರಿಸಿಕೊಂಡು ಹೋಗಬೇಡಿ, ದಾರಿಯಲ್ಲೇ ಎಚ್ಚರ ತಪ್ಪಬಹುದು.

ಹಾಗೇನೂ ಇಲ್ಲದಿದ್ದರೆ ಬೆಳಿಗ್ಗೆ ಪಾಂಡವಪುರದ ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಬಹುದು. ನಾಡಿ, ಬಿ.ಪಿ. ನೋಡಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡುತ್ತಾರೆ. ಗಂಡಸರಿಗೆ ಅದು 13ಕ್ಕಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಅಂತ ಅರ್ಥ. ನಾಲೆ ಏರಿ ಹತ್ತಲು ಅಪ್ಪ ನಿಂತು ನಿಂತು ಹೋಗುವುದಕ್ಕೆ ಇದೇ ಕಾರಣ ಇರಬಹುದು, ವಯಸ್ಸು ಅಲ್ಲ. ಅಲ್ಲಿಂದ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ, ಎಂಡೋಸ್ಕೋಪಿ ಇರುವ ಬೇರೆ ಆಸ್ಪತ್ರೆಗೋ ಕಳಿಸುತ್ತಾರೆ.

ಈಗ ‘ಗ್ಯಾಸ್ಟ್ರಿಕ್’ ಅನ್ನುವ ಮಾತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೊಟ್ಟೆಯ ರೋಗಿಗಳನ್ನೇ ನೋಡಿದ್ದೇನೆ. ನನ್ನ ಮುಂದೆ ಕೂತವರಲ್ಲಿ ಹೆಚ್ಚಿನವರು ಶುರು ಮಾಡುವುದು ‘ನಂಗೆ ಗ್ಯಾಸ್ಟ್ರಿಕ್ಕು ಸಾರ್’ ಅಂತ. ಗ್ಯಾಸ್ಟ್ರಿಕ್ ಅಂದರೆ ಇಂಗ್ಲಿಷಿನಲ್ಲಿ ‘ಜಠರಕ್ಕೆ ಸೇರಿದ್ದು’ ಅಂತ ಅಷ್ಟೇ ಅರ್ಥ. ಅದು ಕಾಯಿಲೆಯ ಹೆಸರಲ್ಲ. ಐದಾರು ಬೇರೆ ಬೇರೆ ಕಾಯಿಲೆಗಳನ್ನು ತುಂಬಿಟ್ಟ ಒಂದು ಗೋಣಿಚೀಲ ಅದು. ಚೀಲ ಬಿಚ್ಚಿ ಒಳಗೆ ಯಾವುದಿದೆ ಅಂತ ನೋಡದೆ, ಎಲ್ಲಕ್ಕೂ ಒಂದೇ ಮಾತ್ರೆ ಕೊಡುತ್ತಾ ಹೋಗುವುದೇ ನಿಮ್ಮಪ್ಪನಂಥವರಿಗೆ ಆಗುತ್ತಿರುವ ಅನ್ಯಾಯ. ನಾಲ್ಕು ವರ್ಷ ಮಾತ್ರೆ ಸಿಕ್ಕಿದೆ, ಕಾರಣ ಮಾತ್ರ ಯಾರೂ ಹುಡುಕಿಲ್ಲ.

ಚೀಲದಲ್ಲಿ ಏನೇನಿದೆ? ಆಮ್ಲ ಮೇಲಕ್ಕೆ ನುಗ್ಗಿ ಅನ್ನನಾಳವನ್ನು ಸುಡುವ ಎದೆಯುರಿ. ಜಠರದ ಹುಣ್ಣು. ಎಲ್ಲಾ ಪರೀಕ್ಷೆ ಸರಿಯಿದ್ದರೂ ಜಠರದ ನರಗಳು ಸೂಕ್ಷ್ಮವಾಗಿ, ಸ್ವಲ್ಪ ಉಂಡರೂ ಹೊಟ್ಟೆ ಬಿರಿದಂತಾಗುವ ಅಜೀರ್ಣ. ನಾವು ನೋಡುವವರಲ್ಲಿ ಇಂಥವರೇ ಜಾಸ್ತಿ. ಕರುಳಿನಲ್ಲಿ ನಿಜವಾಗಿಯೂ ಆಗುವ ಗಾಳಿ, ಉಬ್ಬರ. ಪಿತ್ತಕೋಶದ ಕಲ್ಲು, ಇದರಲ್ಲಿ ಜಿಡ್ಡಿನ ಊಟ ಆದ ಮೇಲೆ ಬಲಗಡೆ ಪಕ್ಕೆಯ ಕೆಳಗೆ ನೋವು ಬಂದು ಅರ್ಧ ಗಂಟೆಗೂ ಹೆಚ್ಚು ಕಾಲ ಹಿಡಿದಿರುತ್ತದೆ, ಬಲ ಹೆಗಲಿಗೂ ಹೋಗಬಹುದು. ಇಷ್ಟರ ಜೊತೆಗೆ ಹೊಟ್ಟೆಗೆ ಸಂಬಂಧವೇ ಇಲ್ಲದ ಒಂದು ಇದೆ, ಹೃದಯ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ನಿಮ್ಮಪ್ಪನ ವಿಷಯದಲ್ಲಿ ನನ್ನ ಅನುಮಾನ ಹುಣ್ಣಿನ ಮೇಲೆ. ಹುಣ್ಣು ಯಾಕಾಗುತ್ತದೆ?

ಜಠರದ ಆಮ್ಲ ಸಾಮಾನ್ಯದ್ದಲ್ಲ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಜಠರರಸ ಬರುತ್ತದೆ, ಮಾಂಸವನ್ನೂ ಕರಗಿಸಬಲ್ಲ ರಸ. ಹಾಗಿದ್ದರೆ ಜಠರವೇ ಯಾಕೆ ಕರಗುವುದಿಲ್ಲ? ಅದರ ಒಳಗೋಡೆಗೆ ಲೋಳೆಯ ಒಂದು ಪದರ ಇದೆ, ಅದು ಆಮ್ಲವನ್ನು ತಡೆಯುತ್ತದೆ. ಗೋಡೆಯ ಕಣಗಳೂ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತವೆ. ಇದನ್ನೆಲ್ಲ ನಡೆಸಲು ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನುವ ವಸ್ತು ಬೇಕು. ವಿಚಿತ್ರ ಏನಪ್ಪಾ ಅಂದರೆ ಮಂಡಿಯಲ್ಲಿ ಊತ, ನೋವು ತರುವುದೂ ಅದೇ ಜಾತಿಯ ವಸ್ತು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ಥರದ ಮಾತ್ರೆ ನುಂಗಿದಾಗ ಮಂಡಿಯಲ್ಲಿ ಅದು ಕಡಿಮೆಯಾಗಿ ನೋವು ಇಳಿಯುತ್ತದೆ. ಜಠರದಲ್ಲೂ ಕಡಿಮೆಯಾಗಿ ಲೋಳೆಯ ಪದರ ತೆಳುವಾಗುತ್ತದೆ. ಮಾತ್ರೆಗೆ ಮಂಡಿ ಯಾವುದು, ಹೊಟ್ಟೆ ಯಾವುದು ಅಂತ ಗೊತ್ತಿಲ್ಲ.

‘ಊಟ ಆದಮೇಲೆ ನುಂಗಿದ್ರೆ ಏನೂ ಆಗಲ್ಲ’ ಅನ್ನುವ ಮಾತು ಅರ್ಧ ಮಾತ್ರ ನಿಜ. ಊಟದ ಮೇಲೆ ನುಂಗಿದರೆ ಉರಿ ಸ್ವಲ್ಪ ಕಡಿಮೆ. ಆದರೆ ಹಾನಿ ಆಗುವುದು ರಕ್ತಕ್ಕೆ ಸೇರಿದ ಮೇಲೂ. ಸೂಜಿ ಮೂಲಕ ತೆಗೆದುಕೊಂಡರೂ ಹುಣ್ಣು ಆಗಬಹುದು. ಇನ್ನೂ ಒಂದು ಕೆಟ್ಟ ಗುಣ ಇದೆ: ಈ ಮಾತ್ರೆಗಳಿಂದ ಆಗುವ ಹುಣ್ಣು ಎಷ್ಟೋ ಸಲ ನೋಯುವುದೇ ಇಲ್ಲ. ನೋವನ್ನು ಮಾತ್ರೆಯೇ ಮುಚ್ಚಿರುತ್ತದೆ. ಮೊದಲ ಸೂಚನೆಯೇ ಕಪ್ಪು ಮಲ ಆಗಿರುತ್ತದೆ.

ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಜೋಡಿ ಮಾತ್ರೆಗಳ ಬಗ್ಗೆ ಇಲ್ಲಿ ಹೇಳಲೇಬೇಕು. ಒಂದೇ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಜೊತೆ ಅಸಿಕ್ಲೋಫೆನಾಕೋ ಡೈಕ್ಲೋಫೆನಾಕೋ ಸೇರಿರುತ್ತದೆ. ಜನ ‘ನಾನು ಬರೀ ಪ್ಯಾರಾಸಿಟಮಾಲ್ ತಗೊಳ್ಳೋದು’ ಅಂದುಕೊಂಡಿರುತ್ತಾರೆ. ಕೆಲವು ಕಡೆ ಕಾಗದದಲ್ಲಿ ಸುತ್ತಿ ಕೊಡುವ ಬಿಡಿ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಕೂಡ ಇರುತ್ತದೆ. ನೋವಿನ ಮಾತ್ರೆ, ಸ್ಟೀರಾಯ್ಡ್ ಎರಡೂ ಸೇರಿದರೆ ಹುಣ್ಣಿನ ಅಪಾಯ ಜಾಸ್ತಿ. ಅಪ್ಪನ ಮಾತ್ರೆಯ ಹಾಳೆ ತಿರುಗಿಸಿ ಹಿಂದೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಅಂತ ಒಂದು ಸಲ ಓದಿ.

ಹುಣ್ಣಿಗೆ ಎರಡನೇ ದೊಡ್ಡ ಕಾರಣ ಒಂದು ಬ್ಯಾಕ್ಟೀರಿಯಾ, ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಇದರ ಕಥೆ ನನಗೆ ತುಂಬಾ ಇಷ್ಟ. ನಮ್ಮ ಗುರುಗಳ ಕಾಲದಲ್ಲಿ ಹುಣ್ಣು ಬರುವುದು ಚಿಂತೆಯಿಂದ, ಖಾರದಿಂದ ಅಂತಲೇ ಕಲಿಸುತ್ತಿದ್ದರು. ಅಂಥ ಆಮ್ಲದಲ್ಲಿ ಯಾವ ಜೀವಿಯೂ ಬದುಕುವುದಿಲ್ಲ ಅಂತ ಎಲ್ಲರೂ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಅನ್ನುವ ಇಬ್ಬರು ವೈದ್ಯರು 1982ರಲ್ಲಿ ಈ ಬ್ಯಾಕ್ಟೀರಿಯಾ ಬೆಳೆಸಿ ತೋರಿಸಿದರು. ಯಾರೂ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರಾವಣವನ್ನು ತಾವೇ ಕುಡಿದುಬಿಟ್ಟರು. ಕೆಲವು ದಿನದಲ್ಲೇ ಅವರಿಗೆ ವಾಂತಿ ಶುರುವಾಯಿತು, ಜಠರದಲ್ಲಿ ಉರಿಯೂತ ಕಾಣಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಜೀವನಪೂರ್ತಿ ಮಾತ್ರೆ ತಿನ್ನಬೇಕಾಗಿದ್ದ, ಆಪರೇಷನ್‌ ಮಾಡಿಸಿಕೊಳ್ಳಬೇಕಾಗಿದ್ದ ಎಷ್ಟೋ ಜನ ಈಗ ಎರಡು ವಾರದ ಔಷಧದಲ್ಲಿ ಗುಣವಾಗುತ್ತಾರೆ.

ಈ ಬ್ಯಾಕ್ಟೀರಿಯಾ ಹೆಚ್ಚಾಗಿ ಚಿಕ್ಕವಯಸ್ಸಿನಲ್ಲೇ, ಮನೆಯವರಿಂದಲೇ ಅಂಟುತ್ತದೆ. ನಮ್ಮ ದೇಶದಲ್ಲಿ ಬಹಳ ಜನರ ಹೊಟ್ಟೆಯಲ್ಲಿ ಇದೆ, ಹೆಚ್ಚಿನವರಿಗೆ ಏನೂ ತೊಂದರೆ ಕೊಡುವುದಿಲ್ಲ. ಆದರೆ ಇದೂ ಇದ್ದು, ನೋವಿನ ಮಾತ್ರೆಯೂ ಸೇರಿ, ಮೇಲೆ ಬೀಡಿ ಹೊಗೆಯೂ ಇದ್ದರೆ ಹುಣ್ಣಾಗುವುದು ಬಹಳ ಸುಲಭ. ಬೀಡಿ ಸೇದುವವರಿಗೆ ಹುಣ್ಣು ಮಾಯುವುದೂ ನಿಧಾನ. ಇದು ನಾನು ವಾರ್ಡಿನಲ್ಲಿ ಕಣ್ಣಾರೆ ನೋಡಿರುವುದು.

ನಿಮ್ಮ ಪ್ರಶ್ನೆಗೆ ಬಂದೆ. ಎಂಡೋಸ್ಕೋಪಿ ಬದಲು ರಕ್ತ ಪರೀಕ್ಷೆ ಸಾಲದಾ? ಸಾಲುವುದಿಲ್ಲ. ಹಿಮೋಗ್ಲೋಬಿನ್ ಪರೀಕ್ಷೆ ರಕ್ತ ಎಷ್ಟು ಕಡಿಮೆಯಾಗಿದೆ ಅಂತ ಹೇಳುತ್ತದೆ, ಎಲ್ಲಿಂದ ಹೋಗುತ್ತಿದೆ ಅಂತ ಹೇಳುವುದಿಲ್ಲ. ಆ ಬ್ಯಾಕ್ಟೀರಿಯಾಗೆ ಒಂದು ರಕ್ತ ಪರೀಕ್ಷೆ ಇದೆ ನಿಜ. ಅದು ಯಾವಾಗಲೋ ಅಂಟಿತ್ತು ಅಂತ ಹೇಳಬಹುದು, ಈಗಲೂ ಇದೆಯಾ ಅಂತ ಹೇಳಲಾರದು. ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ಕಲ್ಲು ಕಾಣುತ್ತದೆ, ಜಠರದ ಹುಣ್ಣು ಕಾಣುವುದಿಲ್ಲ. ‘ಸ್ಕ್ಯಾನಿಂಗ್ ಮಾಡ್ಸಿದ್ವಿ, ಎಲ್ಲಾ ನಾರ್ಮಲ್’ ಅಂತ ಬಂದವರಲ್ಲೂ ಹುಣ್ಣು ನೋಡಿದ್ದೇನೆ.

ಅಪ್ಪನ ಹೆದರಿಕೆ ನನಗೆ ಅರ್ಥವಾಗುತ್ತದೆ. ಬಾಯಿಯೊಳಗೆ ಪೈಪು ಹಾಕುತ್ತಾರೆ ಅಂದರೆ ಯಾರಿಗೆ ತಾನೇ ಭಯ ಇಲ್ಲ? ನಡೆಯುವುದನ್ನು ಹೇಳುತ್ತೇನೆ, ಅವರಿಗೆ ಓದಿ ಹೇಳಿ. ಹಿಂದಿನ ರಾತ್ರಿ ಊಟ ಆದ ಮೇಲೆ ಏನೂ ತಿನ್ನದೆ ಬರಬೇಕು. ಗಂಟಲಿಗೆ ಒಂದು ಸ್ಪ್ರೇ ಹೊಡೆಯುತ್ತಾರೆ, ಸ್ವಲ್ಪ ಕಹಿ, ಗಂಟಲು ಜೋಮು ಹಿಡಿದಂತೆ ಆಗುತ್ತದೆ. ಎಡಮಗ್ಗುಲಾಗಿ ಮಲಗಿಸುತ್ತಾರೆ. ಪೈಪಿನ ದಪ್ಪ ನಮ್ಮ ಕಿರುಬೆರಳಿನಷ್ಟು, ಅದಕ್ಕಿಂತ ಕಡಿಮೆಯೂ ಇರಬಹುದು. ಮುದ್ದೆಯ ತುತ್ತು ಅದಕ್ಕಿಂತ ಎಷ್ಟೋ ದಪ್ಪ! ಉಸಿರಾಟದ ದಾರಿಯೇ ಬೇರೆ, ಆದ್ದರಿಂದ ಉಸಿರು ಕಟ್ಟುವುದಿಲ್ಲ. ಮೊದಲ ಅರ್ಧ ನಿಮಿಷ ಓಕರಿಕೆ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಮೂಗಿನಿಂದ ನಿಧಾನ ಉಸಿರಾಡುತ್ತಿದ್ದರೆ ಕಡಿಮೆಯಾಗುತ್ತದೆ. ಐದರಿಂದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಬೇಕು ಅಂದರೆ ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ, ಆಗ ಜೊತೆಗೆ ಒಬ್ಬರು ಇರಲೇಬೇಕು, ಆ ದಿನ ಗಾಡಿ ಓಡಿಸಬಾರದು. ಗೋಡೆಗೆ ತೂತಾಗುವಂಥ ತೊಂದರೆ ಬರುವುದು ತೀರಾ ಅಪರೂಪ. ನೋಡಲು ಹೋದವರು ಚಿಕಿತ್ಸೆಯನ್ನೂ ಅಲ್ಲೇ ಮಾಡಬಹುದು ಅನ್ನುವುದು ಇದರ ದೊಡ್ಡ ಲಾಭ. ರಕ್ತನಾಳ ಸೋರುತ್ತಿದ್ದರೆ ಅದೇ ಪೈಪಿನ ಮೂಲಕ ಔಷಧ ಚುಚ್ಚಿ, ಕ್ಲಿಪ್ ಹಾಕಿ ನಿಲ್ಲಿಸುತ್ತಾರೆ. ಹಿಂದೆ ಇದಕ್ಕೆಲ್ಲ ಹೊಟ್ಟೆ ಕೊಯ್ಯಬೇಕಿತ್ತು.

ಕ್ಯಾನ್ಸರ್ ಇರಬಹುದಾ ಅಂತ ಕೇಳಿದ್ದೀರಿ. ಇಂಥ ಲಕ್ಷಣ ಇರುವ ಹೆಚ್ಚಿನವರಲ್ಲಿ ಸಿಗುವುದು ಮಾಮೂಲಿ ಹುಣ್ಣು, ಔಷಧಕ್ಕೆ ಮಾಯುವ ಹುಣ್ಣು. ಆದರೆ 54 ವರ್ಷ, ಬೀಡಿ, ರಕ್ತ ಹೋಗುತ್ತಿರುವ ಅನುಮಾನ ಇರುವಾಗ ‘ಇಲ್ಲವೇ ಇಲ್ಲ’ ಅಂತ ಕೂತಲ್ಲೇ ಹೇಳುವುದು ತಪ್ಪಾಗುತ್ತದೆ. ಜಠರದಲ್ಲಿ ಹುಣ್ಣು ಕಂಡರೆ ಅಕ್ಕಿಕಾಳಿಗಿಂತ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಚೂರು ತೆಗೆದರು ಅಂದಮಾತ್ರಕ್ಕೆ ಕ್ಯಾನ್ಸರ್ ಅಂತ ಗಾಬರಿ ಬೀಳಬೇಡಿ; ಬ್ಯಾಕ್ಟೀರಿಯಾ ಪರೀಕ್ಷೆಗೂ ಅದೇ ಚೂರು ಬೇಕು. ಜಠರದ ಹುಣ್ಣಾಗಿದ್ದರೆ ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ಎಂಡೋಸ್ಕೋಪಿ ಮಾಡಿ ಮಾಯ್ದಿದೆಯಾ ಅಂತ ನೋಡುವುದುಂಟು. ಅದನ್ನು ತಪ್ಪಿಸಬೇಡಿ. ತೂಕ ಇಳಿಯುತ್ತಿದೆಯಾ, ನುಂಗುವಾಗ ತುತ್ತು ಸಿಕ್ಕಿಕೊಳ್ಳುತ್ತದಾ, ಮನೆಯಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಇತ್ತಾ, ಇದನ್ನೂ ಡಾಕ್ಟರಿಗೆ ಹೇಳಿ. ನಿಮ್ಮ ಪತ್ರದಲ್ಲಿ ಇವು ಇಲ್ಲ.

ಬ್ಯಾಕ್ಟೀರಿಯಾ ಸಿಕ್ಕರೆ ಸಾಮಾನ್ಯವಾಗಿ 14 ದಿನದ ಔಷಧ. ಆಮ್ಲ ಕಡಿಮೆ ಮಾಡುವ ಮಾತ್ರೆಯ ಜೊತೆ ಎರಡು ಆಂಟಿಬಯಾಟಿಕ್, ಕೆಲವರಿಗೆ ಬಿಸ್ಮತ್ ಕೂಡ. ಸುಲಭದ ಕೋರ್ಸ್ ಅಲ್ಲ. ಬಾಯಿ ಕಹಿಯಾಗುತ್ತದೆ, ವಾಕರಿಕೆ, ಭೇದಿ ಆಗಬಹುದು. ಬಿಸ್ಮತ್‌ನಿಂದ ನಾಲಿಗೆ, ಮಲ ಎರಡೂ ಕಪ್ಪಾಗುತ್ತವೆ. ಇದನ್ನು ಮೊದಲೇ ತಿಳಿದಿರಿ, ಇಲ್ಲದಿದ್ದರೆ ಮತ್ತೆ ಗಾಬರಿ. ಐದು ದಿನಕ್ಕೆ ‘ವಾಸಿ ಆಯ್ತು’ ಅಂತ ಬಿಟ್ಟರೆ ಬ್ಯಾಕ್ಟೀರಿಯಾ ಅದೇ ಔಷಧಕ್ಕೆ ಬಗ್ಗದ ಹಾಗಾಗುತ್ತದೆ, ಮುಂದಿನ ಸಲ ಕಷ್ಟ. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರ ಆದ ಮೇಲೆ ಮಲ ಪರೀಕ್ಷೆಯಿಂದಲೋ ಉಸಿರಿನ ಪರೀಕ್ಷೆಯಿಂದಲೋ ಹೋಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಈ ಕೊನೆಯ ಹೆಜ್ಜೆಯನ್ನು ನಮ್ಮಲ್ಲಿ ಬಹಳ ಜನ ಬಿಟ್ಟುಬಿಡುತ್ತಾರೆ.

ಗ್ಯಾಸ್ ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಅಂತ ಇರುವವೆಲ್ಲ ಒಂದೇ ಜಾತಿ. ಹೆಸರು ಗ್ಯಾಸ್ ಮಾತ್ರೆ, ಆದರೆ ಅವು ಗ್ಯಾಸನ್ನು ಮುಟ್ಟುವುದೇ ಇಲ್ಲ. ಆಮ್ಲ ತಯಾರಾಗುವುದನ್ನು ತಡೆಯುತ್ತವೆ. ಹೊಟ್ಟೆ ಉಬ್ಬರಕ್ಕೆ ಇವು ಕೆಲಸ ಮಾಡದೇ ಇರುವುದು ಇದಕ್ಕೇ. ಜಠರದ ಆಮ್ಲದ ಪಂಪು ಓಡಲು ಶುರುವಾಗುವುದು ಊಟದ ಹೊತ್ತಿಗೆ. ಆ ಹೊತ್ತಿಗೆ ಮಾತ್ರೆ ರಕ್ತದಲ್ಲಿ ಇರಬೇಕು. ಆದ್ದರಿಂದ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು, ಬರೀ ನೀರಿನಲ್ಲಿ ನುಂಗಬೇಕು. ಅಪ್ಪ ನಾಲ್ಕು ವರ್ಷ ತಿಂಡಿ ಆದ ಮೇಲೆ ನುಂಗಿದ್ದಾರೆ. ದುಡ್ಡು ಪೂರ್ತಿ ಹೋಗಿದೆ, ಕೆಲಸ ಪೂರ್ತಿ ಆಗಿಲ್ಲ.

ಕಿಡ್ನಿ ಹೋಗುತ್ತದಾ? ಈ ಮಾತ್ರೆಯಿಂದ ಕಿಡ್ನಿಗೆ ತೊಂದರೆ ಆಗುವುದು ಇದೆ, ಆದರೆ ಅಪರೂಪ. ಕಿಡ್ನಿಯ ಚಿಂತೆ ಇದ್ದರೆ ನೀವು ಹೆದರಬೇಕಾದದ್ದು ಮಂಡಿ ನೋವಿನ ಮಾತ್ರೆಗೆ. ಬಿಸಿಲಲ್ಲಿ ಕಬ್ಬು ಕಡಿದು, ನೀರು ಸರಿಯಾಗಿ ಕುಡಿಯದೆ, ದಿನಕ್ಕೆ ಎರಡು ನೋವಿನ ಮಾತ್ರೆ ನುಂಗುವುದು ಕಿಡ್ನಿಗೆ ನಿಜವಾದ ಹೊಡೆತ. ಗ್ಯಾಸ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ವಿಟಮಿನ್ ಕಡಿಮೆಯಾಗಬಹುದು, ಕೆಲವರಿಗೆ ಮೆಗ್ನೀಸಿಯಂ ಇಳಿಯುತ್ತದೆ, ಕರುಳಿನ ಸೋಂಕು ಸ್ವಲ್ಪ ಜಾಸ್ತಿ. ಕಾರಣ ಗೊತ್ತಿದ್ದು, ಬೇಕು ಅಂತ ಡಾಕ್ಟರು ಕೊಟ್ಟರೆ ಲಾಭವೇ ಹೆಚ್ಚು. ಕಾರಣ ಗೊತ್ತಿಲ್ಲದೆ ಸುಮ್ನೆ ನುಂಗುತ್ತಾ ಹೋಗುವುದು ನನಗೆ ಇಷ್ಟವಿಲ್ಲ. ಹಾಗಂತ ಈಗ ನಿಲ್ಲಿಸಿಬಿಡಬೇಡಿ. ರಕ್ತ ಸೋರುತ್ತಿರುವ ಅನುಮಾನ ಇರುವಾಗ ಅದು ಬೇಕು. ಮುಂದೆ ನಿಲ್ಲಿಸುವಾಗಲೂ ಒಮ್ಮೆಲೇ ಬಿಟ್ಟರೆ ಕೆಲವು ವಾರ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ. ಜನ ಅದನ್ನು ಕಾಯಿಲೆ ಮರಳಿತು ಅಂದುಕೊಂಡು ಮತ್ತೆ ಶುರು ಮಾಡುತ್ತಾರೆ. ನಿಧಾನವಾಗಿ ಇಳಿಸಬೇಕು.

ಹಾಗಾದರೆ ಮಂಡಿಗೆ ಏನು? ಈ ಪ್ರಶ್ನೆಗೆ ಉತ್ತರ ಕೊಡದೆ ಮಾತ್ರೆ ಮಾತ್ರ ಕಿತ್ತುಕೊಂಡರೆ ಅಪ್ಪ ಎರಡೇ ದಿನದಲ್ಲಿ ಮತ್ತೆ ಮೆಡಿಕಲ್ ಸ್ಟೋರಿಗೆ ಹೋಗುತ್ತಾರೆ. ಅವರ ನೋವು ನಿಜ, ಹೊಲದ ಕೆಲಸವೂ ನಿಜ. ಬರೀ ಪ್ಯಾರಾಸಿಟಮಾಲ್ ಜಠರಕ್ಕೆ ಸುರಕ್ಷಿತ. ಎಷ್ಟು ತೆಗೆದುಕೊಳ್ಳಬೇಕು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ, ಮಿತಿ ಮೀರಿದರೆ ಅದು ಲಿವರ್‌ಗೆ ಪೆಟ್ಟು. ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಮುಲಾಮು ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಆದರೂ ಈಗ ಕೇಳಿಯೇ ಹಚ್ಚಿ. ಬಿಸಿನೀರಿನ ಶಾಖ ಹಳೆಯದಾದರೂ ಒಳ್ಳೆಯದೇ. ನಿಜವಾದ ಔಷಧ ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗುವ ವ್ಯಾಯಾಮ: ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ನೇರ ಚಾಚಿ, ಹತ್ತು ಎಣಿಸಿ ಇಳಿಸುವುದು. ತಿಂಗಳುಗಟ್ಟಲೆ ಮಾಡಿದರೆ ಫಲ ಕಾಣುತ್ತದೆ. ಮುಂದೆ ಎಂದಾದರೂ ಆ ನೋವಿನ ಮಾತ್ರೆ ಬೇಕೇ ಬೇಕು ಅಂತಾದರೆ, ಹುಣ್ಣು ಮಾಯ್ದ ಮೇಲೆ, ಬ್ಯಾಕ್ಟೀರಿಯಾ ಹೋದ ಮೇಲೆ, ಆಮ್ಲ ತಡೆಯುವ ಮಾತ್ರೆಯ ಜೊತೆಗೆ, ಕೆಲವೇ ದಿನ. ಆಗಲೂ ಅಪಾಯ ಪೂರ್ತಿ ಹೋಗುವುದಿಲ್ಲ.

ಮುದ್ದೆ ಬಿಡಿಸಬೇಡಿ. ರಾಗಿಯಿಂದ ಹುಣ್ಣು ಬರುವುದಿಲ್ಲ, ಆಮ್ಲ ಹೆಚ್ಚುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಇರುವುದು ಸುಮಾರು 120. ಮಂಡಿ ನೋವಿರುವ ರೈತನ ತಟ್ಟೆಯಿಂದ ಅದನ್ನೇಕೆ ತೆಗೆಯಬೇಕು? ಎಂಡೋಸ್ಕೋಪಿ ಆದ ಮೇಲೆ ಡಾಕ್ಟರು ಕೆಲವು ದಿನ ಗಂಜಿ, ಮೆತ್ತನೆ ಅನ್ನ ಅಂದರೆ ಹಾಗೇ ಮಾಡಿ, ಆಮೇಲೆ ಮುದ್ದೆಗೆ ಬನ್ನಿ. ಉಪ್ಸಾರಿನ ಖಾರ ಹುಣ್ಣು ಮಾಡುವುದಿಲ್ಲ, ಆದರೆ ಇರುವ ಹುಣ್ಣಿನ ಮೇಲೆ ಬಿದ್ದರೆ ಉರಿಸುತ್ತದೆ. ಮಾಯುವವರೆಗೆ ಕಡಿಮೆ ಮಾಡಿ. ಅವರೆಕಾಳು, ಹುರುಳಿಯಿಂದ ಆಗುವ ಉಬ್ಬರ ಬೇರೆ ಸಂಗತಿ. ಅದರ ಕೆಲವು ಸಕ್ಕರೆಗಳನ್ನು ನಮ್ಮ ಕರುಳು ಅರಗಿಸಲಾರದು. ದೊಡ್ಡ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಗಾಳಿ ಮಾಡುತ್ತವೆ. ನೆನೆಹಾಕಿದ ನೀರು ಚೆಲ್ಲಿ ಬೇಯಿಸಿದರೆ, ಮೊಳಕೆ ಕಟ್ಟಿದರೆ ಕಡಿಮೆಯಾಗುತ್ತದೆ.

ಹಾಲಿನ ಬಗ್ಗೆ ನಿಮ್ಮ ಮಾವ ಹೇಳಿದ್ದು ಹಿಂದೆ ಡಾಕ್ಟರುಗಳೂ ಹೇಳುತ್ತಿದ್ದದ್ದೇ. ಕುಡಿದ ತಕ್ಷಣ ತಂಪು ಅನಿಸುತ್ತದೆ, ಸ್ವಲ್ಪ ಹೊತ್ತಿನಲ್ಲಿ ಹಾಲೇ ಆಮ್ಲ ಉಕ್ಕಿಸುತ್ತದೆ. ದೊಡ್ಡವರಾದ ಮೇಲೆ ಹಾಲು ಅರಗದ ಜನ ನಮ್ಮಲ್ಲಿ ತುಂಬಾ ಇದ್ದಾರೆ. ಅವರಿಗೆ ಹಾಲೇ ಉಬ್ಬರಕ್ಕೆ ಕಾರಣ. ಮಜ್ಜಿಗೆ ಅಂಥವರಿಗೆ ಸುಲಭ. ಜೀರಿಗೆ ಕಷಾಯ, ಓಂಕಾಳು ಉಬ್ಬರಕ್ಕೆ ಹಿತ ಅನಿಸಿದರೆ ಕೊಡಿ, ಹುಣ್ಣು ಅದರಿಂದ ಮಾಯುವುದಿಲ್ಲ. ಅಡಿಗೆ ಸೋಡ ನೀರಿಗೆ ಹಾಕಿ ಕುಡಿಯುವ ಅಭ್ಯಾಸ ಇದ್ದರೆ ಬಿಡಿಸಿ, ಅದರಲ್ಲಿರುವ ಸೋಡಿಯಂ ಬಿ.ಪಿ. ಇರುವವರಿಗೆ ಕೆಟ್ಟದ್ದು.

ಹುಳಿತೇಗಿಗೆ ಊಟದ ಹೊತ್ತೂ ಕಾರಣ ಇರಬಹುದು. ನಮ್ಮ ಕಡೆ ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಕೊಟ್ಟರೆ ಗದ್ದೆಗೆ ನೀರು ಕಟ್ಟಿ ಬಂದು, ಹತ್ತೂವರೆಗೆ ಉಂಡು, ಹಾಗೇ ಮಲಗುತ್ತಾರೆ. ತುಂಬಿದ ಜಠರ ಅಡ್ಡ ಮಲಗಿದರೆ ಆಮ್ಲ ಮೇಲಕ್ಕೆ ಬರುವುದು ಸಹಜ. ಹೋಗುವ ಮೊದಲೇ ಊಟ ಮುಗಿಸಲಿ. ಆಗದಿದ್ದರೆ ಆ ದಿನ ಸ್ವಲ್ಪ ಉಣ್ಣಲಿ, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಡಿ.

ಕೊನೆಗೆ ಅವ್ವನ ಮಾತು, ಗ್ಯಾಸು ಬೆನ್ನಿಗೆ ಹಿಡಿದುಕೊಂಡಿದೆ ಅಂದದ್ದು. ಗಾಳಿ ಕರುಳು ಬಿಟ್ಟು ಬೆನ್ನಿಗೋ ಎದೆಗೋ ಹೋಗಲು ದಾರಿಯೇ ಇಲ್ಲ. ಬಾಯಿಯಿಂದ ತೇಗಾಗಿ ಬರಬೇಕು, ಇಲ್ಲ ಕೆಳಗೆ ಹೋಗಬೇಕು. ಬೆನ್ನಿಗೆ ಹೋಗುವುದು ನೋವು. ಆಳವಾದ ಹುಣ್ಣು, ಮೇದೋಜೀರಕ ಗ್ರಂಥಿಯ ತೊಂದರೆ, ಪಿತ್ತಕೋಶದ ಕಲ್ಲು, ಹೃದಯ, ಇವೆಲ್ಲ ಬೆನ್ನಿಗೆ ನೋವು ಕಳಿಸಬಲ್ಲವು. ಡಾಕ್ಟರಿಗೆ ಅವ್ವ ಹೇಳಿದ ಹಾಗೇ ಹೇಳಿ, ಅದು ಉಪಯೋಗದ ಮಾಹಿತಿ.

ಹೃದಯದ ಬಗ್ಗೆ ಆಮೇಲೆ ಹೇಳುತ್ತೇನೆ ಅಂದಿದ್ದೆ. ಬಹಳ ವರ್ಷದ ಹಿಂದೆ ಶ್ರೀರಂಗಪಟ್ಟಣದ ಕಡೆಯಿಂದ ಒಬ್ಬರನ್ನು ಬೆಳಗಿನ ಜಾವ ನಮ್ಮಲ್ಲಿಗೆ ಕರೆತಂದರು. ರಾತ್ರಿ ಒಂಬತ್ತಕ್ಕೇ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಬೆವರು. ಮನೆಯಲ್ಲಿ ಸೋಡಾ ಕುಡಿಸಿದ್ದರು. ಒಂದು ಕಡೆ ಗ್ಯಾಸಿಗೆ ಅಂತ ಇಂಜೆಕ್ಷನ್ ಹಾಕಿ ಕಳಿಸಿದ್ದರು. ನಾವು ಇಸಿಜಿ ತೆಗೆದಾಗ ಕಂಡದ್ದು ಹೃದಯಾಘಾತ. ಹೃದಯದ ಕೆಳಗೋಡೆಗೂ ಜಠರಕ್ಕೂ ನಡುವೆ ಇರುವುದು ತೆಳು ಸ್ನಾಯುವಿನ ಪರದೆ ಮಾತ್ರ. ಎರಡರ ನೋವೂ ಅದೇ ಜಾಗದಲ್ಲಿ ಕಾಣಿಸಿಕೊಳ್ಳಬಹುದು. ಅವರು ಬದುಕಿದರು, ಆದರೆ ಆ ಏಳೆಂಟು ಗಂಟೆಯಲ್ಲಿ ಹೃದಯಕ್ಕಾದ ನಷ್ಟ ವಾಪಸ್ ಬರಲಿಲ್ಲ. ನಡೆದಾಗ ಹೆಚ್ಚಾಗಿ, ನಿಂತಾಗ ಕಡಿಮೆಯಾಗುವ ಉರಿ, ಬೆವರು, ದವಡೆಗೋ ಎಡಗೈಗೋ ಹೋಗುವ ಸೆಳೆತ ಇದ್ದರೆ ಗ್ಯಾಸ್ ಅನ್ನುವ ಮೊದಲು ಇಸಿಜಿ. ನಿಮ್ಮಪ್ಪ ಏರಿ ಹತ್ತುವಾಗ ನಿಲ್ಲುತ್ತಾರೆ ಅಂದಿರಲ್ಲ, ರಕ್ತ ಕಡಿಮೆ ಇದ್ದಾಗ ಹೃದಯಕ್ಕೂ ಕಷ್ಟ. ನಾಳೆ ರಕ್ತ ಪರೀಕ್ಷೆಯ ಜೊತೆ ಇಸಿಜಿಯೂ ಆಗಲಿ ಅಂತ ಕೇಳಿ.

ಹೋಗುವಾಗ ಅಪ್ಪ ನುಂಗುವ ಎಲ್ಲಾ ಮಾತ್ರೆಯ ಹಾಳೆಗಳನ್ನು, ಖಾಲಿಯಾದದ್ದನ್ನೂ ಸೇರಿಸಿ, ಒಂದು ಕವರಿನಲ್ಲಿ ಹಾಕಿಕೊಳ್ಳಿ. ಅಂಗಿಯ ಜೇಬು, ಅಡುಗೆಮನೆಯ ಗೂಡು, ಪಂಪ್‌ಹೌಸ್ ಎಲ್ಲಾ ನೋಡಿ. ಕಪ್ಪಗೆ ಆದ ದಿನಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಿಪಿಎಲ್ ಕಾರ್ಡ್, ಆಧಾರ್ ಇಟ್ಟುಕೊಳ್ಳಿ. ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಅದೇ ದಿನ ಎಂಡೋಸ್ಕೋಪಿ ಮಾಡಬಹುದು, ಆದ್ದರಿಂದ ಇವತ್ತು ರಾತ್ರಿ ಹತ್ತರ ಮೇಲೆ ಅಪ್ಪನಿಗೆ ಏನೂ ತಿನ್ನಲು ಕೊಡಬೇಡಿ. ಬೆಳಗಿನ ಕಾಫಿಯೂ ಬೇಡ, ಡಾಕ್ಟರನ್ನು ಕಂಡ ಮೇಲೆ ಕುಡಿಯಲಿ. ಹಿಮೋಗ್ಲೋಬಿನ್ ಎಷ್ಟು ಬಂತು ಅಂತ ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.